ನೆಲಮಾಳಿಗೆಯಿಂದ ಆವರ್ತ ಕೋಷ್ಟಕಕ್ಕೆ: ಲೀಸ ಮೈಟ್ನರ್

ಧಾತುಗಳ ಆವರ್ತ ಕೋಷ್ಟಕವನ್ನು ನೀವು ನೋಡಿದ್ದೀರಾ? ನಿಮ್ಮ ಶಾಲೆಯ ವಿಜ್ಞಾನದ ಮೂಲೆಯಲ್ಲಿ ಅದರ ಪಟ ತೂಗುಹಾಕಿರಬಹುದು. ಇಲ್ಲದಿದ್ದರೆ ಹೈಸ್ಕೂಲಿಗೆ ಹೋಗುವ ಅಕ್ಕನ ಅಥವಾ ಅಣ್ಣನ ಪುಸ್ತಕದಲ್ಲಿ ಸಿಕ್ಕೇ ಸಿಗುತ್ತದೆ. ಚೌಕಚೌಕವಾಗಿ ಗೆರೆ ಎಳೆದು, ಒಂದೊಂದು ಮನೆಯಲ್ಲಿ ಒಂದೊಂದು ಧಾತುವನ್ನು ಕೂರಿಸಿದ ಪಟ ಅದು. ಮೊದಲ ಮನೆಯಲ್ಲಿ ಹೈಡ್ರೋಜನ್, ಎರಡನೆಯದರಲ್ಲಿ ಹೀಲಿಯಂ. ಹೀಗೆಯೇ ಎಣಿಸುತ್ತಾ 109ನೆಯ ಮನೆಗೆ ಬನ್ನಿ. ಅಲ್ಲಿರುವ ಹೆಸರು ಮೈಟ್ನೇರಿಯಂ. ಪಟ ತುಂಬಾ ಹಳೆಯದಾಗಿದ್ದರೆ ಆ ಮನೆ ಖಾಲಿ ಇರಬಹುದು. ಪೆನ್ಸಿಲಿನಿಂದ ನೀವೇ ತುಂಬಿಸಿ.

ಐನ್‌ಸ್ಟೈನಿಯಂ, ಫರ್ಮಿಯಂ, ನೊಬೆಲಿಯಂ ಹೀಗೆ ವಿಜ್ಞಾನಿಗಳ ಹೆಸರು ಹೊತ್ತ ಧಾತುಗಳು ಕೆಲವಿವೆ. ಅವುಗಳಲ್ಲಿ ಬಹುತೇಕ ಎಲ್ಲವೂ ಗಂಡಸರ ಹೆಸರುಗಳೇ. ಕ್ಯೂರಿಯಂ ಎಂಬುದು ಪಿಯರೆ ಕ್ಯೂರಿ, ಮೇರಿ ಕ್ಯೂರಿ ದಂಪತಿಗಳಿಬ್ಬರ ನೆನಪಿನದು. ಒಬ್ಬ ಮಹಿಳಾ ವಿಜ್ಞಾನಿಯ ಹೆಸರನ್ನು ಮಾತ್ರವೇ ಹೊತ್ತಿರುವ ಧಾತು ಇಡೀ ಕೋಷ್ಟಕದಲ್ಲಿ ಒಂದೇ ಒಂದು. ಅದೇ ಮೈಟ್ನೇರಿಯಂ.

ಯಾರು ಈ ಮೈಟ್ನರ್? ಆಕೆಯನ್ನು ಒಂದು ಕಾಲದಲ್ಲಿ ಪ್ರಯೋಗಾಲಯದ ಮೆಟ್ಟಿಲು ಹತ್ತಲೂ ಬಿಡಲಿಲ್ಲ ಎಂದರೆ ನಂಬುತ್ತೀರಾ? ಬನ್ನಿ, ಆ ಕಥೆಯನ್ನು ಓದೋಣ.

ಹದಿನಾಲ್ಕಕ್ಕೇ ಮುಗಿದ ಶಾಲೆ

ಲೀಸ ಹುಟ್ಟಿದ್ದು 1878ರ ನವೆಂಬರ್‌ನಲ್ಲಿ, ಆಸ್ಟ್ರಿಯಾ ದೇಶದ ವಿಯೆನ್ನಾ ನಗರದಲ್ಲಿ. ತಂದೆ ಫಿಲಿಪ್ ಮೈಟ್ನರ್ ವಕೀಲರು. ಯಹೂದಿ ಮೂಲದ ಕುಟುಂಬ. ಎಂಟು ಮಕ್ಕಳಲ್ಲಿ ಲೀಸ ಮೂರನೆಯವಳು. ಮನೆಯಲ್ಲಿ ಪುಸ್ತಕ, ಸಂಗೀತ, ಮಾತುಕತೆಗಳಿಗೆ ಕೊರತೆಯಿರಲಿಲ್ಲ.

ಚಿಕ್ಕಂದಿನಲ್ಲೇ ಲೀಸಳಿಗೆ ಲೆಕ್ಕವೆಂದರೆ ಪ್ರಾಣ. ಮಳೆ ನಿಂತ ಮೇಲೆ ರಸ್ತೆಯ ಗುಂಡಿಯ ನೀರಿನ ಮೇಲೆ ಎಣ್ಣೆ ಬಿದ್ದಾಗ ಕಾಮನಬಿಲ್ಲಿನಂತೆ ಬಣ್ಣಗಳು ಕಾಣುತ್ತವಲ್ಲ, ನೀವೂ ನೋಡಿರುತ್ತೀರಿ. ಅದನ್ನು ಕಂಡು ಲೀಸ ಸುಮ್ಮನೆ ದಾಟಿ ಹೋಗಲಿಲ್ಲ. ಆ ಬಣ್ಣ ಎಲ್ಲಿಂದ ಬಂತು ಎಂದು ಕೇಳಿದಳು. ಕೇಳಿ ತಿಳಿದುಕೊಂಡಾಗ ಆದ ಸಂತೋಷ ಆಕೆಯನ್ನು ಕೊನೆಯವರೆಗೂ ಬಿಡಲಿಲ್ಲ.

ಆದರೆ ಆಗಿನ ಆಸ್ಟ್ರಿಯಾದಲ್ಲಿ ಹೆಣ್ಣುಮಕ್ಕಳ ಶಾಲೆ ಹದಿನಾಲ್ಕನೆಯ ವಯಸ್ಸಿಗೆ ಮುಗಿದುಹೋಗುತ್ತಿತ್ತು. ಅಂದರೆ ನಿಮ್ಮಲ್ಲಿ ಎಂಟನೆಯ ತರಗತಿಗೆ ಬಂದವರ ವಯಸ್ಸು! ಮುಂದೆ ಓದಬೇಕೆಂದರೆ ಗಂಡುಮಕ್ಕಳ ಪ್ರೌಢಶಾಲೆಗೆ ಹೋಗಬೇಕು, ಅಲ್ಲಿಗೆ ಹುಡುಗಿಯರಿಗೆ ಪ್ರವೇಶವಿಲ್ಲ. ಆ ಶಾಲೆಯ ಕೊನೆಯ ಪರೀಕ್ಷೆ ಪಾಸಾಗದಿದ್ದರೆ ವಿಶ್ವವಿದ್ಯಾಲಯವಿಲ್ಲ. ವಿಶ್ವವಿದ್ಯಾಲಯವಂತೂ ಹೇಗಿದ್ದರೂ ಹೆಂಗಸರಿಗೆ ಮುಚ್ಚಿತ್ತು. ಲೀಸಳಿಗೆ ಉಳಿದದ್ದು ಫ್ರೆಂಚ್ ಭಾಷೆ ಕಲಿಸುವ ಶಿಕ್ಷಕಿಯಾಗುವ ದಾರಿ ಒಂದೇ. ಅದಕ್ಕೆ ಬೇಕಾದ ತರಬೇತಿಯನ್ನು ಆಕೆ ಪಡೆದಳು.

1897ರಲ್ಲಿ ಆಸ್ಟ್ರಿಯಾ ಸರ್ಕಾರ ನಿಯಮ ಬದಲಿಸಿ ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾಲಯದ ಬಾಗಿಲು ತೆರೆಯಿತು. ಆದರೆ ಪ್ರವೇಶ ಪರೀಕ್ಷೆಯನ್ನು ಮಾತ್ರ ಅವರೂ ಪಾಸಾಗಲೇಬೇಕು. ಹುಡುಗರು ಎಂಟು ವರ್ಷ ಶಾಲೆಯಲ್ಲಿ ಕೂತು ಕಲಿತದ್ದನ್ನು ಲೀಸ ಮನೆಪಾಠದ ಮೂಲಕ ಎರಡೇ ವರ್ಷಗಳಲ್ಲಿ ಕಲಿತಳು. ಗ್ರೀಕ್, ಲ್ಯಾಟಿನ್, ಗಣಿತ, ಭೌತವಿಜ್ಞಾನ, ಇತಿಹಾಸ ಎಲ್ಲವನ್ನೂ! 1901ರಲ್ಲಿ ಹದಿನಾಲ್ಕು ಹುಡುಗಿಯರು ಆ ಪರೀಕ್ಷೆಗೆ ಕುಳಿತರು. ಪಾಸಾದವರು ನಾಲ್ವರು. ಅವರಲ್ಲಿ ಲೀಸಳೂ ಒಬ್ಬಳು. ಆಗ ಆಕೆಗೆ ಇಪ್ಪತ್ತಮೂರನೆಯ ವರ್ಷ ನಡೆಯುತ್ತಿತ್ತು.

ವಿಯೆನ್ನಾ ವಿಶ್ವವಿದ್ಯಾಲಯದಲ್ಲಿ ಲುಡ್ವಿಗ್ ಬೋಲ್ಟ್ಸ್‌ಮನ್ ಎಂಬ ಮಹಾನ್ ಭೌತವಿಜ್ಞಾನಿ ಆಕೆಗೆ ಗುರುಗಳಾದರು. ಅವರ ಪಾಠ ಕೇಳಿದ ಮೇಲೆ ಭೌತವಿಜ್ಞಾನವೇ ತನ್ನ ದಾರಿ ಎಂದು ಲೀಸ ನಿಶ್ಚಯಿಸಿದಳು. 1906ರಲ್ಲಿ ಡಾಕ್ಟರೇಟ್ ಪದವಿ ದೊರಕಿತು. ಆ ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನಕ್ಕಾಗಿ ಆ ಪದವಿ ಪಡೆದ ಎರಡನೆಯ ಮಹಿಳೆ ಆಕೆ.

ಬಡಗಿಯ ಕೋಣೆಯಲ್ಲಿ ಪ್ರಯೋಗ

ಪದವಿಯೇನೋ ಬಂತು. ಕೆಲಸ ಎಲ್ಲಿ? 1907ರಲ್ಲಿ ಲೀಸ ಮೈಟ್ನರ್ ಜರ್ಮನಿಯ ಬರ್ಲಿನ್ ನಗರಕ್ಕೆ ಹೋದರು. ಅಲ್ಲಿ ಮ್ಯಾಕ್ಸ್ ಪ್ಲಾಂಕ್ ಅವರ ಉಪನ್ಯಾಸ ಕೇಳಬೇಕೆಂಬುದು ಅವರ ಆಸೆ. ಹೆಂಗಸರಿಗೆ ವಿಶ್ವವಿದ್ಯಾಲಯ ಸಾಮಾನ್ಯವಾಗಿ ತಕ್ಕ ಜಾಗವಲ್ಲ, ತೀರ ಅಪರೂಪಕ್ಕೆ ಒಬ್ಬರಿಬ್ಬರಿಗೆ ಅವಕಾಶ ಕೊಡಬಹುದು ಎಂಬುದು ಪ್ಲಾಂಕ್ ಅವರ ಅಭಿಪ್ರಾಯವಾಗಿತ್ತು. ಆದರೂ ಅವರು ಮೈಟ್ನರ್‌ಗೆ ಅನುಮತಿ ಕೊಟ್ಟರು. ಕೆಲಸ ನೋಡಿದಂತೆ ಅವರ ಮನಸ್ಸೂ ಬದಲಾಯಿತು. ಮುಂದೆ ಮೈಟ್ನರ್ ಪರವಾಗಿ ನಿಂತವರಲ್ಲಿ ಅವರೇ ಮುಖ್ಯರು.

ಬರ್ಲಿನ್‌ನಲ್ಲಿ ಓಟೋ ಹಾನ್ ಎಂಬ ಯುವ ರಸಾಯನವಿಜ್ಞಾನಿ ವಿಕಿರಣಪಟು ವಸ್ತುಗಳ ಬಗ್ಗೆ ಸಂಶೋಧನೆ ಮಾಡುತ್ತಿದ್ದರು. ರೇಡಿಯಂ, ಯುರೇನಿಯಂಗಳಂತೆ ತಾವಾಗಿಯೇ ಕಣ್ಣಿಗೆ ಕಾಣದ ಕಿರಣಗಳನ್ನು ಸೂಸುವ ವಸ್ತುಗಳೇ ವಿಕಿರಣಪಟು ವಸ್ತುಗಳು. ಹಾನ್‌ಗೆ ರಸಾಯನವಿಜ್ಞಾನ ಗೊತ್ತಿತ್ತು, ಭೌತವಿಜ್ಞಾನ ಬಲ್ಲ ಜೊತೆಗಾರರು ಬೇಕಿತ್ತು. ಇಬ್ಬರೂ ಸೇರಿ ದುಡಿಯಲು ಒಪ್ಪಿದರು.

ಆದರೆ ಹಾನ್ ಕೆಲಸ ಮಾಡುತ್ತಿದ್ದ ರಸಾಯನವಿಜ್ಞಾನ ಸಂಸ್ಥೆಯ ಮುಖ್ಯಸ್ಥರಾದ ಎಮಿಲ್ ಫಿಶರ್ ಹೆಂಗಸರನ್ನು ಒಳಗೆ ಬಿಡುತ್ತಿರಲಿಲ್ಲ. ಕಾರಣ ಕೇಳಿದರೆ ನಿಮಗೆ ನಗು ಬರುತ್ತದೆ. ಹೆಂಗಸರ ಉದ್ದ ಕೂದಲಿಗೆ ಪ್ರಯೋಗಾಲಯದ ಬೆಂಕಿ ತಗಲೀತು ಎಂಬ ಭಯವಂತೆ! ಫಿಶರ್ ಅವರಿಗೇ ಮುಖ ತುಂಬ ಗಡ್ಡವಿತ್ತು. ಅದಕ್ಕೆ ಬೆಂಕಿ ತಗಲುವ ಭಯ ಮಾತ್ರ ಯಾರಿಗೂ ಇರಲಿಲ್ಲ.

ಕೊನೆಗೆ ಒಂದು ಷರತ್ತಿನ ಮೇಲೆ ಫಿಶರ್ ಒಪ್ಪಿದರು. ಕಟ್ಟಡದ ನೆಲಮಾಳಿಗೆಯಲ್ಲಿ ಹಿಂದೆ ಬಡಗಿಯ ಕೆಲಸಕ್ಕೆಂದು ಇಟ್ಟಿದ್ದ ಒಂದು ಕೋಣೆಯಿತ್ತು. ಅದಕ್ಕೆ ಹೊರಗಿನಿಂದ ಬೇರೆ ಬಾಗಿಲು. ಮೈಟ್ನರ್ ಆ ಕೋಣೆಯಲ್ಲಿ ಕೆಲಸ ಮಾಡಬಹುದು. ಮೇಲಿನ ಮಹಡಿಗಳಿಗೆ, ವಿದ್ಯಾರ್ಥಿಗಳಿರುವ ಪ್ರಯೋಗಾಲಯಗಳಿಗೆ ಮಾತ್ರ ಕಾಲಿಡುವಂತಿಲ್ಲ. ಜೊತೆಗಾರರಾದ ಹಾನ್ ಮೆಟ್ಟಿಲು ಹತ್ತಿ ಮೇಲೆ ಹೋಗಿ ರಸಾಯನವಿಜ್ಞಾನದ ಪ್ರಯೋಗ ಮಾಡಿ ಬರುತ್ತಿದ್ದರು. ಮೈಟ್ನರ್ ಕೆಳಗೇ ಇರಬೇಕಿತ್ತು. ಆ ಕಟ್ಟಡದಲ್ಲಿ ಹೆಂಗಸರಿಗೆ ಶೌಚಾಲಯವೂ ಇರಲಿಲ್ಲ. ಅದಕ್ಕಾಗಿ ಅವರು ಬೀದಿಯಲ್ಲಿ ನಡೆದು ಹತ್ತಿರದ ಹೋಟೆಲಿಗೆ ಹೋಗಬೇಕಾಗಿತ್ತು. ಶಾಲೆಯಲ್ಲಿ ಶೌಚಾಲಯ ಸರಿಯಿಲ್ಲದಿದ್ದರೆ ಹುಡುಗಿಯರಿಗೆ ಎಷ್ಟು ಕಷ್ಟ ಎಂಬುದು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಸಂಬಳ? ಒಂದು ಕಾಸೂ ಇಲ್ಲ. ಊರಿನಿಂದ ತಂದೆ ಕಳಿಸುತ್ತಿದ್ದ ಹಣದಲ್ಲೇ ಜೀವನ. ಹಾನ್ ಮತ್ತು ಮೈಟ್ನರ್ ಜೊತೆಯಾಗಿ ಬೀದಿಯಲ್ಲಿ ಹೋಗುತ್ತಿದ್ದರೆ ಸಂಸ್ಥೆಯ ಕೆಲವು ಸಹಾಯಕರು ಹಾನ್‌ಗೆ ಮಾತ್ರ ನಮಸ್ಕಾರ ಹೇಳಿ ಮುಂದೆ ಹೋಗುತ್ತಿದ್ದರು. ಪಕ್ಕದಲ್ಲಿರುವವರು ಕಣ್ಣಿಗೇ ಬೀಳದವರಂತೆ!

1908ರಲ್ಲಿ ಬರ್ಲಿನ್ ಇದ್ದ ಪ್ರಷ್ಯಾ ರಾಜ್ಯದಲ್ಲಿಯೂ ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾಲಯಗಳು ತೆರೆದವು. ಆಗ ಫಿಶರ್ ತಮ್ಮ ನಿಯಮವನ್ನು ಕೈಬಿಟ್ಟರು. ಹೆಂಗಸರ ಶೌಚಾಲಯವನ್ನೂ ಕಟ್ಟಿಸಿದರು. ನೋಡಿ, ಗೋಡೆ ಅದೇ, ಬೆಂಕಿ ಅದೇ, ಕೂದಲೂ ಅದೇ. ಬದಲಾದದ್ದು ಕಾಯಿದೆ ಒಂದೇ. ನಿಯಮವೊಂದು ಬದಲಾದಾಗ ಅಸಾಧ್ಯ ಎಂದುಕೊಂಡದ್ದು ಎಷ್ಟು ಬೇಗ ಸಾಧ್ಯವಾಗುತ್ತದೆ ಅಲ್ಲವೇ? ಅದೇ ಫಿಶರ್ ಮುಂದೆ ಮೈಟ್ನರ್‌ಗೆ ಬೆಂಬಲ ಕೊಟ್ಟರು ಎಂಬುದನ್ನೂ ನೆನಪಿಡಬೇಕು.

ಒಂದೇ ಕೆಲಸ, ಎರಡು ಅಳತೆ

1912ರಲ್ಲಿ ಬರ್ಲಿನ್‌ನ ಹೊರವಲಯದ ಡಾಲೆಮ್ ಎಂಬಲ್ಲಿ ಕೈಸರ್ ವಿಲ್ಹೆಲ್ಮ್ ರಸಾಯನವಿಜ್ಞಾನ ಸಂಸ್ಥೆ ಪ್ರಾರಂಭವಾಯಿತು. ಅಲ್ಲಿ ಹಾನ್‌ಗೆ ಸಂಬಳದ ಹುದ್ದೆ ಸಿಕ್ಕಿತು. ಮೈಟ್ನರ್ ಅಲ್ಲಿ ಸಂಬಳವಿಲ್ಲದ ಅತಿಥಿ. ಅದೇ ವರ್ಷ ಪ್ಲಾಂಕ್ ಅವರನ್ನು ವಿಶ್ವವಿದ್ಯಾಲಯದಲ್ಲಿ ತಮ್ಮ ಸಹಾಯಕಿಯಾಗಿ ನೇಮಿಸಿಕೊಂಡು ಸಂಬಳ ಕೊಡಿಸಿದರು. 1913ರಲ್ಲಿ ಹೊಸ ಸಂಸ್ಥೆಯಲ್ಲೂ ಹುದ್ದೆ ದೊರಕಿತು. ಆದರೂ ಸಂಬಳ ಹಾನ್ ಅವರಿಗಿಂತ ಕಡಿಮೆಯೇ. ಪ್ರಾಗ್ ನಗರದಿಂದ ಕೆಲಸದ ಆಹ್ವಾನ ಬಂದಾಗ, ಇವರು ಬಿಟ್ಟುಹೋದಾರೆಂದು ಸಂಬಳ ಏರಿಸಲಾಯಿತು.

ಈಗ ಒಂದು ಸಣ್ಣ ಲೆಕ್ಕ ಮಾಡೋಣ. ಹಾನ್ ಮೈಟ್ನರ್‌ಗಿಂತ ನಾಲ್ಕು ತಿಂಗಳು ಚಿಕ್ಕವರು. ಜರ್ಮನಿಯ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುವ ಅರ್ಹತೆ ಹಾನ್‌ಗೆ ಸಿಕ್ಕಿದ್ದು 1907ರಲ್ಲಿ, ಮೈಟ್ನರ್‌ಗೆ 1922ರಲ್ಲಿ. ಪ್ರೊಫೆಸರ್ ಎಂಬ ಬಿರುದು ಹಾನ್‌ಗೆ 1910ರಲ್ಲಿ, ಮೈಟ್ನರ್‌ಗೆ 1919ರಲ್ಲಿ. ಇಬ್ಬರೂ ಮಾಡುತ್ತಿದ್ದುದು ಒಂದೇ ಸಂಶೋಧನೆ. ಹಾಗಿದ್ದರೆ ಮೈಟ್ನರ್ ಎಷ್ಟೆಷ್ಟು ವರ್ಷ ಹೆಚ್ಚು ಕಾಯಬೇಕಾಯಿತು? ಕಳೆದು ನೋಡಿ.

ಡಾಲೆಮ್‌ನ ಹೊಸ ಪ್ರಯೋಗಾಲಯದಲ್ಲಿ ಮೈಟ್ನರ್ ಮತ್ತು ಹಾನ್ ಕಟ್ಟುನಿಟ್ಟಿನ ಶಿಸ್ತು ತಂದರು. ಬಡಗಿಯ ಕೋಣೆಯಲ್ಲಿ ವಿಕಿರಣಪಟು ವಸ್ತುಗಳು ಅಲ್ಲಲ್ಲಿ ಚೆಲ್ಲಿ, ಸೂಕ್ಷ್ಮ ಅಳತೆಗಳೇ ಸಾಧ್ಯವಾಗದಂತೆ ಆಗಿತ್ತು. ಅದಕ್ಕೇ ಇಲ್ಲಿ ಕೈಕುಲುಕುವುದೂ ಬೇಡವೆಂದು ನಿಯಮ! ಪ್ರತಿ ಬಾಗಿಲ ಹಿಡಿಯ ಪಕ್ಕ, ಟೆಲಿಫೋನಿನ ಪಕ್ಕ ಕಾಗದದ ಸುರುಳಿ ತೂಗುಹಾಕಿದ್ದರು. ಕಾಗದ ಹಿಡಿದೇ ಅವನ್ನು ಮುಟ್ಟಬೇಕು. ಆ ಶಿಸ್ತಿನಿಂದಾಗಿ ಅಲ್ಲಿ ವರ್ಷಗಟ್ಟಲೆ ಅತಿ ಸೂಕ್ಷ್ಮವಾದ ವಿಕಿರಣವನ್ನೂ ಅಳೆಯಲು ಸಾಧ್ಯವಾಯಿತು.

ಅಷ್ಟರಲ್ಲಿ ಮೊದಲ ಮಹಾಯುದ್ಧ ಬಂತು. ಹಾನ್ ಸೈನ್ಯಕ್ಕೆ ಹೋದರು. ಮೈಟ್ನರ್ ಆಸ್ಟ್ರಿಯಾದ ಸೈನಿಕ ಆಸ್ಪತ್ರೆಗಳಲ್ಲಿ ಗಾಯಾಳುಗಳ ಎಕ್ಸ್-ರೇ ತೆಗೆಯುವ ಸೇವೆ ಮಾಡಿದರು. ಬರ್ಲಿನ್‌ಗೆ ಮರಳಿ ಬಂದ ಮೇಲೆ, ಅರ್ಧಕ್ಕೆ ನಿಂತಿದ್ದ ಸಂಶೋಧನೆಯನ್ನು ಬಹುಪಾಲು ಒಬ್ಬರೇ ಮುಂದುವರಿಸಿದರು. 1918ರಲ್ಲಿ 91ನೆಯ ಧಾತುವಿನ ದೀರ್ಘಕಾಲ ಬಾಳುವ ರೂಪ ಸಿಕ್ಕಿತು. ಅದೇ ಪ್ರೊಟ್ಯಾಕ್ಟಿನಿಯಂ. ಪ್ರಬಂಧ ಬರೆಯುವಾಗ ಅವರು ಯುದ್ಧದಲ್ಲಿದ್ದ ಹಾನ್ ಅವರ ಹೆಸರನ್ನೇ ಮೊದಲು ಹಾಕಿದರು. ಗೆಳೆಯನ ಪಾಲನ್ನು ಮೈಟ್ನರ್ ಮರೆಯಲಿಲ್ಲ. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

1917ರಲ್ಲೇ ಸಂಸ್ಥೆಯ ಭೌತವಿಜ್ಞಾನ ವಿಭಾಗದ ಹೊಣೆ ಅವರದಾಗಿತ್ತು. 1922ರಲ್ಲಿ ವಿಶ್ವವಿದ್ಯಾಲಯದಲ್ಲಿ ಮೊದಲ ಉಪನ್ಯಾಸ ಕೊಟ್ಟರು. ವಿಶ್ವದಲ್ಲಿ ನಡೆಯುವ ಕ್ರಿಯೆಗಳಲ್ಲಿ ವಿಕಿರಣಪಟುತ್ವದ ಪಾತ್ರ ಅದರ ವಿಷಯ. ವಿಶ್ವಕ್ಕೆ ಸಂಬಂಧಿಸಿದ್ದು ಎನ್ನಲು ಕಾಸ್ಮಿಕ್ ಎಂಬ ಪದವಿದೆ. ಪತ್ರಿಕೆಯೊಂದು ಅದನ್ನು ಕಾಸ್ಮೆಟಿಕ್ ಎಂದು ಅಚ್ಚುಹಾಕಿತು. ಕಾಸ್ಮೆಟಿಕ್ ಎಂದರೆ ಮುಖಕ್ಕೆ ಹಚ್ಚುವ ಪೌಡರು, ಬಣ್ಣಗಳ ಸಂಗತಿ! ಹೆಂಗಸು ಮಾತನಾಡುವುದಾದರೆ ಅದರ ಬಗ್ಗೆಯೇ ಇರಬೇಕೆಂದು ಯಾರಿಗೋ ತೋರಿರಬೇಕು.

1926ರಲ್ಲಿ ಮೈಟ್ನರ್ ಬರ್ಲಿನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕಿಯಾದರು. ಜರ್ಮನಿಯಲ್ಲಿ ಭೌತವಿಜ್ಞಾನದ ಪ್ರಾಧ್ಯಾಪಕಿಯಾದ ಮೊದಲ ಮಹಿಳೆ ಅವರು. ಬಡಗಿಯ ಕೋಣೆಯಿಂದ ಅಲ್ಲಿಗೆ ತಲುಪಲು ಹತ್ತೊಂಬತ್ತು ವರ್ಷ ಬೇಕಾಯಿತು.

ಎರಡು ಪೆಟ್ಟಿಗೆ, ಹತ್ತು ಮಾರ್ಕ್

ಇನ್ನೇನು ಕಷ್ಟ ಕಳೆಯಿತು ಎನ್ನುವಾಗ ಮತ್ತೊಂದು ಕತ್ತಲೆ ಕವಿಯಿತು. 1933ರಲ್ಲಿ ಜರ್ಮನಿಯಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ. ಯಹೂದಿಗಳನ್ನು ಸರ್ಕಾರಿ ಕೆಲಸಗಳಿಂದ ತೆಗೆದುಹಾಕುವ ಕಾಯಿದೆ ತಂದ. ಮೈಟ್ನರ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುವ ಹಕ್ಕು ಕಳೆದುಕೊಂಡರು. ಆಸ್ಟ್ರಿಯಾದ ಪ್ರಜೆಯಾದ್ದರಿಂದ ಸಂಸ್ಥೆಯ ಕೆಲಸ ಮಾತ್ರ ಉಳಿಯಿತು.

1934ರಲ್ಲಿ ಮೈಟ್ನರ್ ಒಂದು ಹೊಸ ಸಂಶೋಧನೆಗೆ ಹಾನ್ ಅವರನ್ನು ಒಪ್ಪಿಸಿದರು. ಇಟಲಿಯ ಎನ್ರಿಕೊ ಫರ್ಮಿ ಯುರೇನಿಯಂ ಪರಮಾಣುಗಳಿಗೆ ನ್ಯೂಟ್ರಾನ್ ಎಂಬ ಸಣ್ಣ ಕಣಗಳನ್ನು ಹೊಡೆದು ಏನಾಗುತ್ತದೆಂದು ನೋಡುತ್ತಿದ್ದರು. ಯುರೇನಿಯಂ ಆಗ ತಿಳಿದಿದ್ದ ಧಾತುಗಳಲ್ಲೆಲ್ಲ ಅತಿ ಭಾರವಾದುದು, 92ನೆಯದು. ಅದಕ್ಕೆ ನ್ಯೂಟ್ರಾನ್ ಸೇರಿದರೆ ಇನ್ನೂ ಭಾರವಾದ ಹೊಸ ಧಾತು ಹುಟ್ಟಬಹುದೆಂದು ಎಲ್ಲರ ಎಣಿಕೆ. ಫ್ರಿಟ್ಸ್ ಸ್ಟ್ರಾಸ್‌ಮನ್ ಎಂಬ ರಸಾಯನವಿಜ್ಞಾನಿಯೂ ಇವರ ಜೊತೆ ಸೇರಿದರು. ನಾಲ್ಕು ವರ್ಷ ಮೂವರೂ ದುಡಿದರು.

1938ರ ಮಾರ್ಚ್‌ನಲ್ಲಿ ಹಿಟ್ಲರ್ ಆಸ್ಟ್ರಿಯಾವನ್ನೇ ನುಂಗಿದ. ಮೈಟ್ನರ್ ಅವರ ಆಸ್ಟ್ರಿಯಾದ ಪಾಸ್‌ಪೋರ್ಟಿಗೆ ಬೆಲೆ ಇಲ್ಲವಾಯಿತು. ದೇಶದಲ್ಲಿದ್ದರೆ ಪ್ರಾಣಕ್ಕೆ ಅಪಾಯ, ಹೊರಗೆ ಹೋಗಲು ಅನುಮತಿಯಿಲ್ಲ. ಡರ್ಕ್ ಕೋಸ್ಟರ್ ಎಂಬ ಡಚ್ ವಿಜ್ಞಾನಿ ತಮ್ಮ ದೇಶದ ಅಧಿಕಾರಿಗಳನ್ನು ಒಪ್ಪಿಸಿ ಬರ್ಲಿನ್‌ಗೆ ಬಂದರು. 1938ರ ಜುಲೈ 13ರಂದು ಮೈಟ್ನರ್ ಅವರ ಜೊತೆ ರೈಲು ಹತ್ತಿದರು. ಕೈಯಲ್ಲಿ ಎರಡು ಸಣ್ಣ ಪೆಟ್ಟಿಗೆಗಳು, ಹತ್ತು ಮಾರ್ಕ್ ಹಣ. ಗಡಿಯಲ್ಲಿ ಯಾರಿಗಾದರೂ ಕೊಡಬೇಕಾಗಿ ಬಂದರೆ ಇರಲಿ ಎಂದು ಹಾನ್ ತಮ್ಮ ತಾಯಿಯ ವಜ್ರದುಂಗುರವನ್ನು ಕೊಟ್ಟಿದ್ದರು. ಅದೃಷ್ಟಕ್ಕೆ ಅದರ ಅಗತ್ಯ ಬೀಳಲಿಲ್ಲ. ಗಡಿ ದಾಟಿದಾಗ ಅವರಿಗೆ 59 ವರ್ಷ. ಮೂವತ್ತೊಂದು ವರ್ಷ ದುಡಿದು ಕಟ್ಟಿದ ಪ್ರಯೋಗಾಲಯ ಹಿಂದೆ ಉಳಿಯಿತು.

ಸ್ವೀಡನ್‌ನ ಸ್ಟಾಕ್‌ಹೋಮ್‌ನಲ್ಲಿ ಒಂದು ಸಂಸ್ಥೆ ಜಾಗ ಕೊಟ್ಟಿತು. ಆದರೆ ಉಪಕರಣಗಳಿಲ್ಲ, ಸಹಾಯಕರಿಲ್ಲ, ಸಂಬಳವೂ ಅಲ್ಪ. ಒಂದು ವಿಭಾಗವನ್ನೇ ನಡೆಸಿದವರು ಮತ್ತೆ ಹೊಸಬರಂತೆ ಮೂಲೆಯಲ್ಲಿ ಕೂರಬೇಕಾಯಿತು.

ಹಿಮದ ನಡುವೆ ಬಿಡಿಸಿದ ಒಗಟು

ಹಾನ್ ಮತ್ತು ಮೈಟ್ನರ್ ನಡುವೆ ಕಾಗದಗಳು ಓಡಾಡುತ್ತಲೇ ಇದ್ದವು. ನವೆಂಬರ್‌ನಲ್ಲಿ ಇಬ್ಬರೂ ಕೋಪನ್‌ಹೇಗನ್ ನಗರದಲ್ಲಿ ಗುಟ್ಟಾಗಿ ಭೇಟಿಯಾದರು. ಬರ್ಲಿನ್‌ನ ಪ್ರಯೋಗದಲ್ಲಿ ಯುರೇನಿಯಂನಿಂದ ರೇಡಿಯಂ ಬಂದಂತೆ ತೋರುತ್ತಿತ್ತು. ಅದು ಸರಿಹೊಂದುವುದಿಲ್ಲ, ಇನ್ನೊಮ್ಮೆ ಪರೀಕ್ಷಿಸಿ ಎಂದು ಮೈಟ್ನರ್ ಒತ್ತಾಯಿಸಿದರು. ಹಾನ್ ಮತ್ತು ಸ್ಟ್ರಾಸ್‌ಮನ್ ಮತ್ತೆ ಪರೀಕ್ಷಿಸಿದಾಗ ಸಿಕ್ಕಿದ್ದು ರೇಡಿಯಂ ಅಲ್ಲ, ಬೇರಿಯಂ! ಯುರೇನಿಯಂ 92ನೆಯ ಧಾತು. ಬೇರಿಯಂ 56ನೆಯದು. ಗೋಡೆಗೆ ಸಣ್ಣ ಕಲ್ಲು ಹೊಡೆದರೆ ಚಕ್ಕೆ ಏಳಬಹುದು. ಗೋಡೆಯೇ ಎರಡು ಭಾಗವಾಗುತ್ತದೆಯೇ? ಹಾನ್‌ಗೆ ಅರ್ಥವಾಗಲಿಲ್ಲ. ಡಿಸೆಂಬರ್ 19ರಂದು ಮೈಟ್ನರ್‌ಗೆ ಕಾಗದ ಬರೆದು ವಿವರಣೆ ಕೇಳಿದರು.

ಕ್ರಿಸ್‌ಮಸ್ ರಜೆಗೆ ಮೈಟ್ನರ್ ಸ್ವೀಡನ್‌ನ ಕುಂಗೆಲ್ವ್ ಎಂಬ ಊರಿಗೆ ಹೋಗಿದ್ದರು. ಅವರ ಅಕ್ಕನ ಮಗ ಓಟೋ ಫ್ರಿಶ್ ಕೂಡ ಅಲ್ಲಿಗೆ ಬಂದಿದ್ದರು. ಫ್ರಿಶ್ ಸಹ ಭೌತವಿಜ್ಞಾನಿ. ಚಿಕ್ಕಮ್ಮ ಕಾಗದ ತೋರಿಸಿದಾಗ ಮೊದಲು ಅವರು ನಂಬಲಿಲ್ಲ. ಇಬ್ಬರೂ ಹಿಮದಲ್ಲಿ ತಿರುಗಾಡಲು ಹೊರಟರು. ಫ್ರಿಶ್ ಸ್ಕೀ ಹಲಗೆಗಳ ಮೇಲೆ ಜಾರುತ್ತಾ, ಮೈಟ್ನರ್ ಕಾಲ್ನಡಿಗೆಯಲ್ಲೇ ಸರಿಸಮಕ್ಕೆ ನಡೆಯುತ್ತಾ.

ಪರಮಾಣುವಿನ ನಡುವೆ ಇರುವ ನ್ಯೂಕ್ಲಿಯಸ್ಸನ್ನು ಒಂದು ನೀರಿನ ಹನಿಯಂತೆ ಊಹಿಸಿಕೊಂಡರೆ ಹೇಗೆ ಎಂದು ಅವರು ಯೋಚಿಸಿದರು. ಯುರೇನಿಯಂನ ನ್ಯೂಕ್ಲಿಯಸ್ ದೊಡ್ಡ ಹನಿ. ಅದರೊಳಗಿನ 92 ಪ್ರೋಟಾನುಗಳು ಒಂದನ್ನೊಂದು ದೂರ ತಳ್ಳುತ್ತಿರುತ್ತವೆ. ಹಾಗಾಗಿ ಆ ಹನಿ ಮೊದಲೇ ಅಲುಗಾಡುವ ಸ್ಥಿತಿಯಲ್ಲಿರುತ್ತದೆ. ನ್ಯೂಟ್ರಾನೊಂದು ಒಳಹೊಕ್ಕರೆ ಸಾಕು, ಹನಿ ಉದ್ದವಾಗಿ, ನಡು ಸಣ್ಣದಾಗಿ, ಎರಡು ಹನಿಗಳಾಗಿ ಒಡೆಯುತ್ತದೆ. ಒಂದು ಹನಿ ಬೇರಿಯಂ, ಅಂದರೆ 56. ಹಾಗಾದರೆ ಇನ್ನೊಂದು? 92ರಲ್ಲಿ 56 ಕಳೆದರೆ 36. ಅದು ಕ್ರಿಪ್ಟಾನ್!

ಇಬ್ಬರೂ ಒಂದು ಮರದ ದಿಮ್ಮಿಯ ಮೇಲೆ ಕುಳಿತು ಜೇಬಿನಲ್ಲಿದ್ದ ಕಾಗದದ ಚೂರುಗಳ ಮೇಲೆ ಲೆಕ್ಕ ಹಾಕಿದರು. ಒಡೆದ ತುಂಡುಗಳ ಒಟ್ಟು ರಾಶಿ ಮೊದಲಿನದಕ್ಕಿಂತ ಸ್ವಲ್ಪ ಕಡಿಮೆ. ಸುಮಾರು ಒಂದು ಪ್ರೋಟಾನಿನ ಐದನೆಯ ಒಂದು ಭಾಗದಷ್ಟು ಕಾಣೆಯಾಗಿದೆ. ರಾಶಿ ಶಕ್ತಿಯಾಗಿ ಬದಲಾಗುತ್ತದೆ ಎಂಬ ಐನ್‌ಸ್ಟೈನ್ ಸೂತ್ರವನ್ನು ಮೈಟ್ನರ್ ಅನ್ವಯಿಸಿದರು. ಬಂದ ಉತ್ತರ 20 ಕೋಟಿ ಎಲೆಕ್ಟ್ರಾನ್ ವೋಲ್ಟ್. ಇದ್ದಿಲು ಉರಿಯುವಾಗ ಒಂದು ಕಾರ್ಬನ್ ಪರಮಾಣುವಿನಿಂದ ಬರುವುದು ಸುಮಾರು 4 ಎಲೆಕ್ಟ್ರಾನ್ ವೋಲ್ಟ್ ಮಾತ್ರ. ಎಷ್ಟು ಪಟ್ಟು ಹೆಚ್ಚು ಎಂದು ಭಾಗಿಸಿ ನೋಡಿ. ಐದು ಕೋಟಿ ಪಟ್ಟು!

ಜೀವಕೋಶವೊಂದು ಎರಡಾಗುವುದನ್ನು ನೆನಪಿಸಿಕೊಂಡು ಫ್ರಿಶ್ ಈ ಕ್ರಿಯೆಗೆ ಫಿಷನ್ ಎಂಬ ಹೆಸರಿಟ್ಟರು. ಕನ್ನಡದಲ್ಲಿ ನಾವು ನ್ಯೂಕ್ಲಿಯ ವಿದಳನ ಎನ್ನುತ್ತೇವೆ. 1939ರ ಫೆಬ್ರವರಿ 11ರಂದು ಅವರಿಬ್ಬರ ವಿವರಣೆ ನೇಚರ್ ಪತ್ರಿಕೆಯಲ್ಲಿ ಪ್ರಕಟವಾಯಿತು. ನಮ್ಮ ಉತ್ತರ ಕನ್ನಡ ಜಿಲ್ಲೆಯ ಕೈಗಾದಲ್ಲಿ 2000ದಿಂದ ವಿದ್ಯುತ್ ತಯಾರಾಗುತ್ತಿರುವುದು ಇದೇ ವಿದಳನದ ಶಕ್ತಿಯಿಂದ.

ಇಲ್ಲಿ ಇನ್ನೊಬ್ಬ ಮಹಿಳೆಯ ಹೆಸರನ್ನೂ ಹೇಳಲೇಬೇಕು. ಯುರೇನಿಯಂ ದೊಡ್ಡ ತುಂಡುಗಳಾಗಿ ಒಡೆದಿರಬಹುದಲ್ಲ ಎಂದು 1934ರಲ್ಲೇ ಜರ್ಮನಿಯ ರಸಾಯನವಿಜ್ಞಾನಿ ಇಡಾ ನೊಡಾಕ್ ಬರೆದಿದ್ದರು. ಆಗ ಅದಕ್ಕೆ ಯಾರೂ ಕಿವಿಗೊಡಲಿಲ್ಲ. ಮೈಟ್ನರ್ ಅವರ ತಂಡವೂ ಕೊಡಲಿಲ್ಲ.

ಕೈತಪ್ಪಿದ ಪ್ರಶಸ್ತಿ

ಹಾನ್ ಮತ್ತು ಸ್ಟ್ರಾಸ್‌ಮನ್ ಬೇರಿಯಂ ಸಿಕ್ಕ ಸುದ್ದಿಯನ್ನು 1939ರ ಜನವರಿಯಲ್ಲಿ ಪ್ರಕಟಿಸಿದ್ದರು. ದೇಶ ಬಿಟ್ಟು ಓಡಿದ ಯಹೂದಿ ವಿಜ್ಞಾನಿಯ ಹೆಸರನ್ನು ತಮ್ಮ ಜೊತೆ ಸೇರಿಸುವುದು ಹಿಟ್ಲರ್‌ನ ಜರ್ಮನಿಯಲ್ಲಿ ಸಾಧ್ಯವಿರಲಿಲ್ಲ. ಅದು ಅರ್ಥವಾಗುವ ಮಾತು. ಆದರೆ ಯುದ್ಧ ಮುಗಿದ ಮೇಲೆ?

1945ರ ನವೆಂಬರ್‌ನಲ್ಲಿ ಸ್ವೀಡನ್‌ನ ಅಕಾಡೆಮಿ 1944ನೆಯ ಸಾಲಿನ ರಸಾಯನವಿಜ್ಞಾನದ ನೊಬೆಲ್ ಪ್ರಶಸ್ತಿಯನ್ನು ಘೋಷಿಸಿತು. ವಿದಳನದ ಶೋಧಕ್ಕಾಗಿ ಅದು ಓಟೋ ಹಾನ್ ಒಬ್ಬರಿಗೇ ಸಂದಿತು. ಮೈಟ್ನರ್ ಇಲ್ಲ, ಸ್ಟ್ರಾಸ್‌ಮನ್ ಇಲ್ಲ, ಫ್ರಿಶ್ ಇಲ್ಲ. ಹಾನ್ ನಿಜವಾಗಿ ದೊಡ್ಡ ರಸಾಯನವಿಜ್ಞಾನಿ, ಅವರ ಪ್ರಯೋಗವಿಲ್ಲದೆ ಬೇರಿಯಂ ಸಿಗುತ್ತಿರಲಿಲ್ಲ. ಆದರೆ ನಂತರದ ವರ್ಷಗಳಲ್ಲಿ ಅವರು ಈ ಶೋಧ ರಸಾಯನವಿಜ್ಞಾನದ್ದು ಎಂದೇ ಹೇಳುತ್ತಾ, ಮೈಟ್ನರ್ ಪಾಲನ್ನು ಸಣ್ಣದು ಮಾಡಿದರು. ಯುದ್ಧದಲ್ಲಿದ್ದ ಗೆಳೆಯನ ಹೆಸರನ್ನು ಮೊದಲು ಹಾಕಿದ ಮೈಟ್ನರ್ ನಿಮಗೆ ನೆನಪಿದ್ದಾರಲ್ಲವೇ?

ಎಷ್ಟೋ ಕಡೆ ಮೈಟ್ನರ್ ಅವರನ್ನು ಹಾನ್ ಅವರ ಸಹಾಯಕಿ ಎಂದೇ ಬರೆದರು. ಮ್ಯೂನಿಕ್‌ನ ಪ್ರಸಿದ್ಧ ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿ ವಿದಳನದ ಪ್ರಯೋಗಕ್ಕೆ ಬಳಸಿದ ಉಪಕರಣಗಳನ್ನು ಮೇಜಿನ ಮೇಲೆ ಜೋಡಿಸಿಟ್ಟಿದ್ದರು. ಆ ಮೇಜು ದಶಕಗಳ ಕಾಲ ಹಾನ್ ಅವರ ಹೆಸರಿನಲ್ಲೇ ಇತ್ತು, ಮೈಟ್ನರ್ ಹೆಸರು ಅಲ್ಲಿರಲಿಲ್ಲ.

ನೊಬೆಲ್ ಪ್ರಶಸ್ತಿಗೆ ಮೈಟ್ನರ್ ಅವರ ಹೆಸರನ್ನು ಬೇರೆ ಬೇರೆ ವಿಜ್ಞಾನಿಗಳು 40ಕ್ಕೂ ಹೆಚ್ಚು ಬಾರಿ ಸೂಚಿಸಿದ್ದರು. ಒಮ್ಮೆಯೂ ಸಿಗಲಿಲ್ಲ. ಪ್ರಶಸ್ತಿ ಸಮಿತಿಯ ಹಳೆಯ ಕಡತಗಳು ತೆರೆದ ಮೇಲೆ, 1997ರಲ್ಲಿ ಇತಿಹಾಸಕಾರರು ಅವನ್ನು ಓದಿ ಇದು ಅನ್ಯಾಯವೆಂದು ಬರೆದರು. ಹೆಂಗಸೆಂಬುದು ಮಾತ್ರವೇ ಇದಕ್ಕೆ ಕಾರಣವಲ್ಲ. ದೇಶಭ್ರಷ್ಟರಾದದ್ದು, ಭೌತವಿಜ್ಞಾನದ ಕೆಲಸವನ್ನು ರಸಾಯನವಿಜ್ಞಾನದ ಸಮಿತಿ ತೂಗಿದ್ದು, ಎಲ್ಲವೂ ಸೇರಿದ್ದವು. ಆದರೆ ಜೊತೆಗೆ ದುಡಿದ ಹೆಂಗಸನ್ನು ಸಹಾಯಕಿ ಎಂದು ಸುಲಭವಾಗಿ ತಿಳಿದುಬಿಡುವ ರೂಢಿ ಆ ಅನ್ಯಾಯವನ್ನು ಯಾರ ಕಣ್ಣಿಗೂ ಬೀಳದಂತೆ ಮಾಡಿತು.

ಬಾಂಬಿಗೆ ಬೇಡವೆಂದವರು

ವಿದಳನದ ಶಕ್ತಿಯಿಂದ ಅಣುಬಾಂಬ್ ಮಾಡುವ ಯೋಜನೆ ಯುದ್ಧಕಾಲದಲ್ಲಿ ಅಮೆರಿಕದಲ್ಲಿ ನಡೆಯಿತು. ಮೈಟ್ನರ್‌ಗೂ ಆಹ್ವಾನ ಬಂತು. ಹೋಗಿದ್ದರೆ ಒಳ್ಳೆಯ ಪ್ರಯೋಗಾಲಯ, ಹಳೆಯ ಗೆಳೆಯರು ಎಲ್ಲ ಸಿಗುತ್ತಿದ್ದರು. ಆದರೆ ಬಾಂಬಿನ ಕೆಲಸ ತಮಗೆ ಬೇಡವೆಂದು ಅವರು ನಿರಾಕರಿಸಿದರು. 1945ರ ಆಗಸ್ಟ್‌ನಲ್ಲಿ ಹಿರೋಷಿಮಾದ ಸುದ್ದಿ ಬಂದಾಗ ಬಹಳ ನೊಂದರು.

1966ರಲ್ಲಿ ಅಮೆರಿಕದ ಎನ್ರಿಕೊ ಫರ್ಮಿ ಪ್ರಶಸ್ತಿ ಮೈಟ್ನರ್, ಹಾನ್, ಸ್ಟ್ರಾಸ್‌ಮನ್ ಮೂವರಿಗೂ ಒಟ್ಟಿಗೆ ಬಂತು. ಅದನ್ನು ಪಡೆದ ಮೊದಲ ಮಹಿಳೆ ಮೈಟ್ನರ್. ಅಷ್ಟರಲ್ಲಿ ಅವರು ಇಂಗ್ಲೆಂಡಿನ ಕೇಂಬ್ರಿಡ್ಜ್‌ಗೆ ಬಂದು ನೆಲೆಸಿದ್ದರು. 1968ರ ಅಕ್ಟೋಬರ್ 27ರಂದು ತೀರಿಕೊಂಡರು. ಬ್ರಾಮ್ಲಿ ಎಂಬ ಹಳ್ಳಿಯಲ್ಲಿ ತಮ್ಮನ ಸಮಾಧಿಯ ಹತ್ತಿರವೇ ಅವರ ಸಮಾಧಿಯಿದೆ. ಮನುಷ್ಯತ್ವವನ್ನು ಎಂದೂ ಕಳೆದುಕೊಳ್ಳದ ಭೌತವಿಜ್ಞಾನಿ ಎಂಬ ಅರ್ಥದ ಮಾತನ್ನು ಫ್ರಿಶ್ ಅದರ ಕಲ್ಲಿನ ಮೇಲೆ ಕೆತ್ತಿಸಿದರು.

1982ರಲ್ಲಿ ಜರ್ಮನಿಯ ವಿಜ್ಞಾನಿಗಳು 109ನೆಯ ಧಾತುವನ್ನು ತಯಾರಿಸಿದರು. 1997ರಲ್ಲಿ ಅದಕ್ಕೆ ಮೈಟ್ನೇರಿಯಂ ಎಂಬ ಹೆಸರು ಅಧಿಕೃತವಾಯಿತು. ಹಾನ್ ಹೆಸರನ್ನು 105ನೆಯ ಧಾತುವಿಗೆ ಇಡಬೇಕೆಂಬ ಸಲಹೆಯೂ ಇತ್ತು, ಅದು ಉಳಿಯಲಿಲ್ಲ. 2010ರಲ್ಲಿ ಬರ್ಲಿನ್‌ನ ಆ ಹಳೆಯ ಸಂಸ್ಥೆಯ ಕಟ್ಟಡಕ್ಕೆ ಹಾನ್-ಮೈಟ್ನರ್ ಭವನವೆಂದು ಇಬ್ಬರ ಹೆಸರನ್ನೂ ಇಟ್ಟರು. ಅದುವರೆಗೆ ಅದಕ್ಕೆ ಹಾನ್ ಹೆಸರು ಮಾತ್ರ ಇತ್ತು.

ನಮ್ಮಲ್ಲಿಯೂ

ಇದೆಲ್ಲ ದೂರದೇಶದ ಮಾತು ಎಂದುಕೊಳ್ಳಬೇಡಿ. 1933ರಲ್ಲಿ ಕಮಲಾ ಭಾಗವತ್ ಎಂಬ ತರುಣಿ ಮುಂಬಯಿಯಿಂದ ಬೆಂಗಳೂರಿನ ಟಾಟಾ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದರು. ಹೆಣ್ಣೆಂಬ ಕಾರಣಕ್ಕೆ ನಿರ್ದೇಶಕರಾಗಿದ್ದ ಸಿ.ವಿ. ರಾಮನ್ ಮೊದಲು ಪ್ರವೇಶ ನಿರಾಕರಿಸಿದರು. ಕಮಲಾ ಹಿಂದೆ ಸರಿಯಲಿಲ್ಲ. ಒಂದು ವರ್ಷದ ಪರೀಕ್ಷೆಯ ಷರತ್ತಿಗೆ ಒಳಗಾಗಿ ಸೇರಿ, ಕೆಲಸದಿಂದಲೇ ಉತ್ತರ ಕೊಟ್ಟರು. 1939ರಲ್ಲಿ ಕೇಂಬ್ರಿಡ್ಜ್‌ನಲ್ಲಿ ಡಾಕ್ಟರೇಟ್ ಪಡೆದರು. ಅವರೇ ಮುಂದೆ ಕಮಲಾ ಸೊಹೊನಿ ಎಂದು ಹೆಸರಾದ ಜೀವರಸಾಯನ ವಿಜ್ಞಾನಿ. ಅವರು ತೆರೆಸಿದ ಬಾಗಿಲಿನಿಂದ ಬೇರೆ ಹೆಣ್ಣುಮಕ್ಕಳೂ ಒಳಗೆ ಹೋದರು.

ಮಕ್ಕಳೇ, ನಿಮ್ಮ ಶಾಲೆಯಲ್ಲಿ ಪ್ರಯೋಗ ಮಾಡುವಾಗ ಗಮನಿಸಿ. ದೀಪ ಹಚ್ಚುವವರು, ಅಳೆಯುವವರು ಯಾರು? ಬರೀ ಬರೆದುಕೊಳ್ಳುವವರು, ಲೋಟ ತೊಳೆಯುವವರು ಯಾರು? ಎಲ್ಲ ಕೆಲಸವೂ ಎಲ್ಲರ ಸರದಿಗೆ ಬರುತ್ತಿದೆಯೇ? ಇಲ್ಲದಿದ್ದರೆ ನಾಳೆಯಿಂದಲೇ ಸರದಿ ಬದಲಿಸಿ. ವರದಿ ಬರೆಯುವಾಗ ದುಡಿದವರೆಲ್ಲರ ಹೆಸರನ್ನೂ ಬರೆಯಿರಿ.

ಮಾಡಿ ನೋಡಿ

ಬೇಕಾಗುವ ಸಾಮಗ್ರಿ: ಒಂದು ಬಲೂನು, ನೀರು, ಅಗಲವಾದ ತಟ್ಟೆ.

ಬಲೂನಿಗೆ ಅರ್ಧದಷ್ಟು ನೀರು ತುಂಬಿ ಬಾಯಿ ಕಟ್ಟಿ. ಅಂಗಳದಲ್ಲಿ ತಟ್ಟೆಯ ಮೇಲಿಟ್ಟು ಮೆಲ್ಲಗೆ ತಟ್ಟಿ. ಅದು ಹೇಗೆ ಅಲುಗಾಡುತ್ತದೆ ನೋಡಿ. ಈಗ ಎರಡೂ ಕೈಗಳಿಂದ ನಡುವನ್ನು ನಿಧಾನವಾಗಿ ಅಮುಕಿ. ಎರಡು ಬದಿ ಉಬ್ಬಿ, ನಡು ಸಣ್ಣದಾಗುತ್ತದೆ. ಯುರೇನಿಯಂ ನ್ಯೂಕ್ಲಿಯಸ್ ಒಡೆಯುವ ಮುನ್ನ ಸುಮಾರು ಹೀಗೆಯೇ ಇರುತ್ತದೆಂದು ಮೈಟ್ನರ್ ಮತ್ತು ಫ್ರಿಶ್ ಊಹಿಸಿದ್ದರು.

ಉತ್ತರಿಸಿ

1. ಮೈಟ್ನರ್ ಬಡಗಿಯ ಕೋಣೆಯಲ್ಲಿ ಏಕೆ ಕೆಲಸ ಮಾಡಬೇಕಾಯಿತು?
2. 92, 56, 36 ಈ ಸಂಖ್ಯೆಗಳು ಯಾವ ಧಾತುಗಳವು? ಅವುಗಳಿಗೆ ಏನು ಸಂಬಂಧ?
3. ಮೈಟ್ನರ್ ಅಣುಬಾಂಬಿನ ಕೆಲಸಕ್ಕೆ ಹೋಗದಿದ್ದುದು ಸರಿಯೇ? ತರಗತಿಯಲ್ಲಿ ಚರ್ಚಿಸಿ.
4. ನಿಮ್ಮ ಊರಿನಲ್ಲಿ ಹೆಚ್ಚು ಓದಿದ ಅಜ್ಜಿ ಅಥವಾ ಹಿರಿಯ ಮಹಿಳೆ ಇದ್ದಾರೆಯೇ? ಅವರ ಓದಿಗೆ ಬಂದ ಅಡ್ಡಿಗಳೇನು, ನೆರವಾದವರು ಯಾರು ಎಂದು ಕೇಳಿ ಬರೆದುಕೊಂಡು ಬನ್ನಿ.